ಮನೇಲಿ ಒಂದು ಕಾರ್ಯ

ಡಿಸೆಂಬರ್ 9, 2008, ಮಂಗಳವಾರ

ಸ್ಕ್ರೂ ಕಾರ್ಖಾನೆಯ ವರ್ಷಾಂತ್ಯದ ಔತಣವು ಇಂದು ಮಧ್ಯಾಹ್ನ ಸ್ವರ್ಗಸ್ಥವಾಯಿತೆಂದು ದಾಖಲಿಸಲು ವಿಷಾದಿಸುತ್ತೇನೆ. ಕಳೆದ ವಾರ ಸೈಕಲ್ ಕಂಪನಿಯ ಔತಣ, ಅದರ ಹಿಂದಿನ ವಾರ ಮೀನಿನ ಮೇವು ಮಾಡುವವರದ್ದು. ಮೂರೂ ಒಂದೇ ಕಾಯಿಲೆಯಲ್ಲಿ ಹೋದವು. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ. ಅದರ ನೀರು ನಮ್ಮ ದ್ವೀಪದ ದಕ್ಷಿಣ ತುದಿಯ ಪಿಂಗ್‌ತುಂಗ್ ಜಿಲ್ಲೆಯ ತನಕ ಹರಿದು ಬಂದು ನಮ್ಮ ಒಲೆ ಆರಿಸಿತು.

ಫೋನ್ ಮಾಡಿದ ಮ್ಯಾನೇಜರು ಬಹಳ ಸಭ್ಯಸ್ಥ. "ಕೆಲಸದವರನ್ನೇ ಸಂಬಳ ಇಲ್ದೆ ರಜಾ ಮೇಲೆ ಕಳಿಸಿದೀವಿ ಮೇಸ್ತ್ರಿ, ಇನ್ ಯಾರಿಗೆ ಅಂತ ಊಟ ಹಾಕ್ಸೋದು?" ಅಂದನಂತೆ. ಅಪ್ಪ ಅವನಿಗೇ ಸಮಾಧಾನ ಹೇಳಿ, ಅವನ ಮಗಳ ಕೆಮ್ಮು ವಿಚಾರಿಸಿ, ಫೋನ್ ಇಟ್ಟ. ಅನಂತರ ಹಿತ್ತಲಿಗೆ ಹೋಗಿ, ತೊಳೆದ ಬಾಣಲೆಗಳನ್ನೇ ಮತ್ತೊಮ್ಮೆ ತೊಳೆದ.

ಅಪ್ಪ ಬೀದಿ ಔತಣದ ಬಾಣಸಿಗ. ರಸ್ತೆಗೆ ಡೇರೆ ಹಾಕಿ, ಒಲೆ ಹೂಡಿ, ಮದುವೆಯೋ ದೇವರ ಹಬ್ಬವೋ, ನೂರಾರು ಜನಕ್ಕೆ ಬಡಿಸುವ ವಂಶ ನಮ್ಮದು. ಒಲೆ, ಹಬೆಪಾತ್ರೆ, ಮೇಜು, ಡೇರೆ ಎಲ್ಲ ಸೇರಿ ಒಂದು ಲಾರಿಯ ಬೆನ್ನ ಮೇಲಿವೆ. ಆ ಲಾರಿ ಫೈನಾನ್ಸ್ ಕಂಪನಿಯ ಬಾಯಲ್ಲಿದೆ. ಬಾಕಿ ಕಂತುಗಳನ್ನು ಜನವರಿ ಹತ್ತೊಂಬತ್ತರೊಳಗೆ ಕಟ್ಟದಿದ್ದರೆ ಬಂದು ಎಳೆದುಕೊಂಡು ಹೋಗುತ್ತಾರೆ. ಒಲೆಗಳಿಗೆ ಕಾಲಿಲ್ಲ. ಲಾರಿ ಹೋದರೆ ಅಪ್ಪನ ಕಸುಬೂ ಹೋಯಿತು. ಅಮ್ಮ ಆಗಲೇ ಕಾವ್‌ಶ್ಯುಂಗ್ ನಗರದ ಬಾಣಂತಿ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಪರರ ಕೂಸುಗಳನ್ನು ತೂಗುತ್ತಿದ್ದಾಳೆ.

ನಾನು, ಆ-ಲಿಯಾಂಗ್, ಓದು ಮುಗಿಸಿ ಸೇನೆಯ ಕರೆಗೆ ಕಾಯುತ್ತಿರುವ ದೇಶದ ಅಮೂಲ್ಯ ಆಸ್ತಿ. ಸದ್ಯಕ್ಕೆ ಬೆಳ್ಳುಳ್ಳಿ ಸುಲಿಯುವ ಖಾತೆಯ ಮಂತ್ರಿ.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ತೀರ್ಪು ಕೊಟ್ಟಳು: "ಎಡಚನ್ನ ಕೇಳು."

ಅಪ್ಪ ಅನ್ನದ ಬಟ್ಟಲಿನೊಳಗೆ ಮುಖ ಇಟ್ಟು "ನೋಡೋಣ" ಅಂದ.

ಎಡಚ ಅಂದರೆ ಜಿಲ್ಲಾ ಕೌನ್ಸಿಲರ್ ಸನ್ಮಾನ್ಯ ಯೆನ್ ಮಿಂಗ್-ತ್ಸುಂಗ್. ರಾಜಕೀಯಕ್ಕೆ ಇಳಿಯುವ ಮುಂಚೆ ಅಜ್ಜಿಯ ಡೇರೆಯಲ್ಲಿ ತಟ್ಟೆ ಹೊರುತ್ತಿದ್ದರು, ಎಡಗೈಯಲ್ಲಿ. ಈಗ ಊರಿನ ಯಾವ ಔತಣವಾದರೂ ಮೇಜಿಂದ ಮೇಜಿಗೆ ಹೋಗಿ ಲೋಟ ಎತ್ತುತ್ತಾರೆ. ಕೊನೆಗೆ ಡೇರೆಯ ಹಿಂದೆ ಬಂದು, ಒಲೆಯ ಸದ್ದನ್ನೂ ಮೀರಿ, "ಸೆಂಗಣ್ಣಾ, ಏನಾದ್ರೂ ಬೇಕಾದ್ರೆ ನನ್ ಹತ್ರ ಬಾ!" ಎಂದು ಕೂಗಿ ಕಾರು ಹತ್ತುತ್ತಾರೆ. ಸೆಂಗಣ್ಣ ನಮ್ಮಪ್ಪ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋದವನಲ್ಲ.


ಡಿಸೆಂಬರ್ 11, ಗುರುವಾರ

ಮಹಾಯಾತ್ರೆ ಕೈಗೊಳ್ಳಲಾಯಿತು. ಅಪ್ಪ ಮದುವೆಗೆ ಹಾಕುವ ಕೋಟು ಹಾಕಿದ. ಒಂದು ಪೆಟ್ಟಿಗೆ ಪನ್ನೇರಳೆ ಹಣ್ಣು ಹಿಡಿದುಕೊಂಡ. ನಾನು ಸಾರಥಿ.

ಕೌನ್ಸಿಲರ್ ಕಚೇರಿಯ ಗೋಡೆಯ ಮೇಲೆ, ಎರಡೂ ಕೈ ಜೋಡಿಸಿದ ಅವರ ಚಿತ್ರ ನಮ್ಮ ಲಾರಿಗಿಂತ ದೊಡ್ಡದಾಗಿದೆ. ಅದರ ಕೆಳಗೆ ಟೀ ಮೇಜು, ಅದರ ಹಿಂದೆ ಮೂಲ ಪ್ರತಿ.

"ಬಾರಣ್ಣ ಬಾ! ಏನ್ ವಿಷಯ?"

"ಏನಿಲ್ಲ. ಈ ಕಡೆ ಬಂದಿದ್ವಿ, ಹಾಗೇ..."

ಆ ಕಚೇರಿ ಇರುವುದು ಊರಿನ ತುದಿಯಲ್ಲಿ. ಅದರಾಚೆ ಒಂದು ಹಂದಿ ಫಾರಂ, ಆಮೇಲೆ ಹೊಳೆ. ಹಂದಿ ನೋಡಲು ಕೋಟು ಹಾಕಿಕೊಂಡು ಯಾರೂ ಬರುವುದಿಲ್ಲ. ಕೌನ್ಸಿಲರು ಮಾತ್ರ ತುಂಬಾ ಸಹಜವಾಗಿ ತಲೆಯಾಡಿಸಿ, ಬೆರಳುದ್ದದ ಬಟ್ಟಲಿಗೆ ಟೀ ಬಗ್ಗಿಸಿದರು.

ಸೀಗಡಿಯ ಬೆಲೆ ಚರ್ಚೆಗೆ ಬಂತು. ಕೌನ್ಸಿಲರ ಸಕ್ಕರೆ ಕಾಯಿಲೆ ಬಂತು. ಇಬ್ಬರೂ ಸರದಿಯಲ್ಲಿ "ಕಾಲ ಕೆಟ್ಟೋಗಿದೆ" ಅಂದರು. ನಾನು ಕೆಮ್ಮಿದೆ. ಮೇಜಿನಡಿಯಲ್ಲಿ ಅಪ್ಪನ ಕಾಲು ಒದ್ದೆ. ಅದು ಕೌನ್ಸಿಲರ ಕಾಲಾಗಿತ್ತು. ಕೊನೆಗೆ ಅಪ್ಪ ಬಟ್ಟಲು ಕೆಳಗಿಟ್ಟು, ಎದೆ ತುಂಬ ಉಸಿರು ಎಳೆದು, "ಅಂದ ಹಾಗೆ..." ಅಂದ. ಇಡೀ ಕಚೇರಿ ಉಸಿರು ಹಿಡಿಯಿತು.

"ಹೇಳಣ್ಣ."

"ಟೀ ಚೆನ್ನಾಗಿದೆ."

ವಾಪಸು ಬರುವಾಗ ಅಪ್ಪ ಕಿಟಕಿಯ ಕಡೆ ತಿರುಗಿ, "ಇವತ್ತು ಅವನ ಮುಖ ಸರಿ ಇರ್ಲಿಲ್ಲ ಕಣೋ" ಅಂದ.

"ಗೋಡೆ ಮೇಲಿನ ಮುಖ ನಗ್ತಾ ಇತ್ತು. ಅದನ್ನ ಕೇಳ್ಬೋದಿತ್ತು" ಅಂದೆ.


ಡಿಸೆಂಬರ್ 16, ಮಂಗಳವಾರ

ಎರಡನೆಯ ದಂಡಯಾತ್ರೆಯ ಫಲಿತಾಂಶ: ನಾವು ಸೋತೆವು, ಮೇಲೆ ಕಪ್ಪಕಾಣಿಕೆ ಕೊಟ್ಟು ಬಂದೆವು.

ಅಪ್ಪ ಬಾಯಿ ತೆರೆಯುವ ಮುಂಚೆ ಕೌನ್ಸಿಲರೇ ಅವನ ಮೊಣಕೈ ಹಿಡಿದರು. "ಸೆಂಗಣ್ಣ, ದೇವ್ರು ಕಳಿಸ್ದಂಗೆ ಬಂದೆ ನೀನು. ಭಾನುವಾರ ಉಂಡೆ ಪಾಯಸದ ಹಬ್ಬ ಅಲ್ವಾ, ನಮ್ಮ ವಾರ್ಡಿನ ಹಿರಿಯರಿಗೆ ಒಂದೊಂದು ಬಟ್ಟಲು ಕೊಡೋಣ ಅಂತಿದೀನಿ. ಈ ವರ್ಷ ಫಂಡು ಬರ್ಲಿಲ್ಲ. ಒಂದು ಹಂಡೆ ಮಾಡ್ಕೊಡ್ತೀಯಾ? ನಿನ್ ಕೈಗೆ ಅದೇನ್ ದೊಡ್ಡದು."

"ಅದಕ್ಕೇನಂತೆ" ಅಂದ ಅಪ್ಪ.

ಸಹಾಯ ಕೇಳಲು ಹೋದವನು ಸಹಾಯ ಮಾಡಿ ಬಂದ ಈ ಘಟನೆಯನ್ನು ಮುಂದಿನ ಪೀಳಿಗೆಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಅಜ್ಜಿ ಪೂರ್ತಿ ಕೇಳಿದಳು. ಕೈಯಲ್ಲಿದ್ದ ಮೂಲಂಗಿಯನ್ನು ಅಪ್ಪನ ಕಡೆ ಎಸೆದಳು, ಅಷ್ಟೆ.


ಡಿಸೆಂಬರ್ 17, ಬುಧವಾರ

ತಾಲೀಮು.

ಹೋದ ಚುನಾವಣೆಯಲ್ಲಿ ಹಂಚಿದ ಯೆನ್ ಸಾಹೇಬರ ಹೆಸರಿನ ತೋಳಿಲ್ಲದ ಕೋಟು ನಮ್ಮಲ್ಲಿ ಒಲೆ ಒರೆಸಲು ಇದೆ. ಅದನ್ನು ಕೊಡವಿ ಹಾಕಿಕೊಂಡು, ಹೊಟ್ಟೆಗೆ ದಿಂಬು ತುರುಕಿ, ದೊಡ್ಡ ಕುರ್ಚಿಯಲ್ಲಿ ವಿರಾಜಮಾನನಾದೆ. ಅಜ್ಜಿ ಕಾರ್ಯದರ್ಶಿ. ಸೌಟು ಕುಟ್ಟಿ "ಮುಂದಿನವ್ರು!" ಎಂದಳು. ಅಪ್ಪ ನಗುತ್ತಲೇ ಬಂದು ಮುಕ್ಕಾಲಿಯ ಮೇಲೆ ಕೂತ.

"ಹೇಳಣ್ಣ, ಏನ್ ವಿಷಯ?" ನನ್ನ ದನಿ ಥೇಟ್ ಅವರದೇ.

ಅಪ್ಪನ ನಗು ನಿಂತಿತು. ಕಿವಿ ಕೆಂಪಾಯಿತು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ. "ಕೌನ್ಸಿಲರೇ, ಈ ವರ್ಷ... ಸ್ವಲ್ಪ..."

"ಸ್ವಲ್ಪ ಏನು?"

"ಸ್ವಲ್ಪ ಚಳಿ ಜಾಸ್ತಿ."

ಅಜ್ಜಿ ಸೌಟಿನಿಂದ ಅವನ ಹೆಗಲಿಗೆ ಬಿಟ್ಟಳು. "ದುಡ್ಡು ಬೇಕು ಅನ್ನೋ! ದುಡ್ಡು! ಬಾಯಲ್ಲಿ ಏನಿದೆ, ಬಿಸಿ ಉಂಡೆನಾ?"

'ದುಡ್ಡು' ಬರಲಿಲ್ಲ. 'ಸಾಲ' ಬರಲಿಲ್ಲ. 'ಸಹಾಯ' ಎಂಬುದು 'ಸ'ದಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಅಪ್ಪನೇ ಒಂದು ದಾರಿ ಹುಡುಕಿದ. "ಮನೇಲಿ ಒಂದು ಕಾರ್ಯ ಇದೆ ಅಂದ್ರೆ ಹೇಗೆ? ಅವನೇ ಏನ್ ಕಾರ್ಯ ಅಂತ ಕೇಳ್ತಾನೆ. ಕೇಳಿದ್ಮೇಲೆ ಹೇಳೋದು ಸುಲಭ ಅಲ್ವಾ?"

ಬಹಳ ಗಂಭೀರ, ಬಹಳ ಮರ್ಯಾದಸ್ಥ ವಾಕ್ಯ. ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು.

ನಡುವೆ ಒಂದು ಗಳಿಗೆ ಅಪ್ಪ ನಿಜಕ್ಕೂ ನನ್ನನ್ನೇ ಬೇಡುವವನ ಹಾಗೆ ನೋಡಿದ್ದ. ಆಗ ನನ್ನ ಮಿಮಿಕ್ರಿ ಕೆಟ್ಟಿತು. ಗಂಟಲಿಗೆ ಶೀತ ಆಗಿರಬೇಕು.


ಡಿಸೆಂಬರ್ 22, ಸೋಮವಾರ

ಜಯಭೇರಿ! ಅಪ್ಪ ಒಬ್ಬನೇ ಹೋಗಿ ಕೇಳಿ ಬಂದ!

ನಿನ್ನೆ ಉಂಡೆ ಪಾಯಸ ಹಂಚಿ ಮುಗಿಯಿತು. ಇವತ್ತು ಖಾಲಿ ಹಂಡೆ ತರುವ ನೆಪದಲ್ಲಿ ಅಪ್ಪ ಕಚೇರಿಗೆ ಹೋದ. ಕೌನ್ಸಿಲರು ಯಾರದೋ ಶವಸಂಸ್ಕಾರಕ್ಕೆ ಹೋಗಿದ್ದರು. ಕಾರ್ಯದರ್ಶಿ ತೂ ಮೇಡಂ ಇದ್ದರು. ಮಿಕ್ಕದ್ದು ಅಪ್ಪನ ಬಾಯಲ್ಲೇ:

"ಮನೇಲಿ ಒಂದು ಕಾರ್ಯ ಇದೆ ಅಂದೆ. ಆಮೇಲೆ, ನಮ್ಮಮ್ಮ ಹೇಳಿ ಕಳಿಸಿದ್ರು ಅನ್ನೋಣ ಅಂತ 'ನಮ್ಮಮ್ಮ...' ಅಂದೆ ನೋಡು, ಗಂಟಲು ಕಟ್ಕೊಂಡ್ಬಿಡ್ತು. ಕಣ್ಣಲ್ಲೂ ನೀರು ಬಂತು ಕಣೋ, ಸುಳ್ಳ್ಯಾಕೆ ಹೇಳ್ಲಿ. ಆ ಹುಡುಗಿ ಎದ್ದು ಬಂದು ನನ್ನ ಎರಡೂ ಕೈ ಹಿಡ್ಕೊಂಡ್ಳು. 'ಅರ್ಥ ಆಯ್ತು ಮೇಸ್ತ್ರಿ, ಇನ್ನೇನೂ ಹೇಳ್ಬೇಡಿ. ಎಲ್ಲಾ ನಾವು ನೋಡ್ಕೋತೀವಿ' ಅಂದ್ಳು. ಬಾಯಿ ಬಿಟ್ಟು ಹೇಳೋ ಕಷ್ಟಾನೇ ಬರ್ಲಿಲ್ಲ!"

"ಮತ್ತೇನ್ ಕೇಳಿದ್ರು?"

"ಅಮ್ಮನ ವಯಸ್ಸು ಕೇಳಿದ್ಳು, ಎಂಬತ್ತೊಂದು ಅಂದೆ. ಹಿರಿಯರ ಹೆಸರಲ್ಲಿ ಏನೋ ಸರ್ಕಾರದ್ದು ಸಿಗುತ್ತೇನೋ. ಯಾವತ್ತಿಗೆ ಅಂದ್ಳು, ಹತ್ತೊಂಬತ್ತರೊಳಗೆ ಆಗ್ಬೇಕು ಅಂದೆ. ಸಾಹೇಬ್ರು ತಾವೇ ಬರ್ತಾರೆ ಅಂದ್ಳು. ತಾವೇ!"

ಅಪ್ಪ ರಾತ್ರಿ ಊಟಕ್ಕೆ ಮೀನು ಕರಿದ. ಒಲೆಯ ಮುಂದೆ ಸಿಳ್ಳೆ ಹಾಕಿದ. ಅಜ್ಜಿ "ನೋಡ್ದ್ಯಾ, ಎಡಚ ಕೆಟ್ಟವನಲ್ಲ" ಅಂದಳು.


ಡಿಸೆಂಬರ್ 24, ಬುಧವಾರ

ಬೆಳಿಗ್ಗೆ ಹೂವಿನಂಗಡಿಯ ಬೈಕು ಬಂದು ಬಾಗಿಲಲ್ಲಿ ನಿಂತಿತು. ಅಜ್ಜಿ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಮನೆಯೋರು ಯಾರಿದೀರಾ?" ಅಂದ ಬೈಕಿನವನು, ದನಿ ತಗ್ಗಿಸಿ.

"ನಾನೇ. ಏನದು?"

ಉದ್ದನೆಯ ಸುರುಳಿ, ಅದರ ಜೊತೆ ಒಂದು ಬಿಳಿ ಲಕೋಟೆ. ಅವನು ಎರಡೂ ಕೈಯಿಂದ ಕೊಟ್ಟು, ಬಗ್ಗಿ ನಮಸ್ಕರಿಸಿ, ಸದ್ದಾಗದಂತೆ ಬೈಕು ತಳ್ಳಿಕೊಂಡು ಹೋದ. ಅಜ್ಜಿಗೆ ಓದಲು ಬರುವುದಿಲ್ಲ. ನನ್ನನ್ನು ಕರೆದಳು. ನಾನು ಸುರುಳಿ ಬಿಚ್ಚಿದೆ. ಹೊಳೆಯುವ ಬಟ್ಟೆಯ ಮೇಲೆ ಆಳೆತ್ತರದ ಅಕ್ಷರಗಳು.

"ಏನ್ ಬರ್ಸಿದಾನೆ ಎಡಚ?"

"ನೀನು... ಮಾದರಿ ತಾಯಿ ಅಂತ."

"ಹೌದು ಮತ್ತೆ. ಇನ್ನೇನು?"

"ಈಗ... ಇಲ್ಲ ಅಂತ."

"ಎಲ್ಲಿಲ್ಲ?"

"ಎಲ್ಲೂ ಇಲ್ಲ ಅಜ್ಜಿ."

ಅಜ್ಜಿ ನನ್ನ ಮುಖ ನೋಡಿದಳು, ಬಿಳಿ ಲಕೋಟೆ ನೋಡಿದಳು. "ಓ" ಅಂದಳು.

ನಮ್ಮೂರಿನಲ್ಲಿ ಕಾರ್ಯ ಅಂದರೆ ಎರಡೇ ಬಣ್ಣ. ಕೆಂಪು ಕಾರ್ಯ ಮದುವೆ, ಬಿಳಿ ಕಾರ್ಯ ಸಾವು. ನಮ್ಮ ಮನೆಯಲ್ಲಿ ಮದುವೆಯಾಗುವವರು ಯಾರೂ ಇಲ್ಲ. ಕೋಟು ಹಾಕಿದ ಗಂಡಸು ಬಂದು, "ಮನೇಲಿ ಒಂದು ಕಾರ್ಯ, ನಮ್ಮಮ್ಮ" ಎಂದು ಕಣ್ಣೀರು ಹಾಕಿದರೆ ತೂ ಮೇಡಂ ಇನ್ನೇನು ತಿಳಿದಾರು? ಸಮಿತಿಯ ಒಬ್ಬನಿಗೂ ಇದು ಹೊಳೆಯಲಿಲ್ಲವಲ್ಲ!

ಅಜ್ಜಿ ಲಕೋಟೆ ಒಡೆಸಿದಳು. ಬೆಸ ಸಂಖ್ಯೆಯ ಹಣ, ಸತ್ತವರಿಗೆ ಕೊಡುವ ಕ್ರಮದಲ್ಲೇ. "ಇಷ್ಟೇನಾ? ಹತ್ತು ವರ್ಷ ಊಟ ಹಾಕಿದೀನಿ ಅವನಿಗೆ" ಅಂದು, ಬೆಳ್ಳುಳ್ಳಿ ಮುಂದುವರಿಸಿದಳು.

ನಾನು ನಕ್ಕು ನಕ್ಕು ಗೋಡೆ ಹಿಡಿದೆ. ಅಜ್ಜಿಯನ್ನು ಸುರುಳಿಯ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಅವಳೂ ಪೋಸು ಕೊಟ್ಟಳು. ಅಷ್ಟರಲ್ಲಿ ಮಾರುಕಟ್ಟೆಯಿಂದ ಅಪ್ಪ ಬಂದ.

ಅಪ್ಪ ಓದಿದ. ಮೆಟ್ಟಿಲ ಮೇಲೆ ಕೂತ. "ನಾನು ಕಾರ್ಯ ಅಂದೆ ಅಷ್ಟೆ" ಅಂದ. ಆಮೇಲೆ ಅಜ್ಜಿಯ ಮುಂದೆ ಮಂಡಿಯೂರಿ, "ಅಮ್ಮಾ, ನನ್ನ ಬಾಯಿಂದ ನಿಮಗೆ..." ಅಂದ. ಹಾಗೆಯೇ ಕೂತಿದ್ದ. ಸೊಪ್ಪಿನ ಚೀಲ ಮಗುಚಿ ಬಿದ್ದಿತ್ತು. ನಾನು ಎತ್ತಿ ಒಳಗಿಟ್ಟೆ.


ಡಿಸೆಂಬರ್ 25, ಗುರುವಾರ

ನಿದ್ದೆ ಬರಲಿಲ್ಲ. ಆ ಫೋಟೋ ಚಿನ್ನದ ಗಣಿ. ಮುಂದಿನ ವರ್ಷ ಚುನಾವಣೆ. ಪೇಪರಿನವರಿಗೆ ಕೊಟ್ಟರೆ ಇಡೀ ದ್ವೀಪ ನಗುತ್ತದೆ. ಪೇಪರಿಗೆ ಕೊಡುವುದಿಲ್ಲ ಅಂದರೆ ಕೌನ್ಸಿಲರು ನಮಗೆ ದುಡ್ಡು ಕೊಡುತ್ತಾರೆ. ಅಪ್ಪನ ಮುಂದೆ ಈ ಘನ ಯೋಜನೆ ಮಂಡಿಸಿದೆ.

"ಅದನ್ನ ಕೇಳೋದು ಅನ್ನಲ್ಲ" ಅಂದ ಅಪ್ಪ.

"ಮತ್ತೆ ನೀನು ಕೇಳೋದು ಯಾವಾಗ?"

ಅಪ್ಪ ಎದ್ದು ಹೋದ. ನನ್ನ ಮಾತು ಸ್ವಲ್ಪ ಉದ್ದ ಆಯಿತೋ ಏನೋ.

ಸಂಜೆ ತೂ ಮೇಡಂ ಫೋನು. ಮೆಲುದನಿಯಲ್ಲಿ, "ಅಂತ್ಯಕ್ರಿಯೆ ಯಾವ ಸಭಾಂಗಣದಲ್ಲಿ ಅಂತ ತಿಳಿಸಿದ್ರೆ ಸಾಹೇಬ್ರು..." ಎಂದರು. ನನ್ನ ನಾಲಗೆ ತುದಿಗೆ ನೂರು ಉತ್ತರ ಬಂದವು. ಅಷ್ಟರಲ್ಲಿ ಅಜ್ಜಿ ಫೋನು ಕಿತ್ತುಕೊಂಡಳು.

"ಯಾರಮ್ಮ? ಹ್ಞಾಂ, ನಾನೇ ಸತ್ತವಳು ಮಾತಾಡ್ತಿರೋದು. ಬಟ್ಟೆ ಚೆನ್ನಾಗಿದೆ ಅಂತ ಹೇಳು ಎಡಚನಿಗೆ. ಕವರು ಮಾತ್ರ ತೆಳ್ಳಗಾಯ್ತು."

ಆ ಕಡೆ ಏನೋ ಬಿದ್ದು ಒಡೆದ ಸದ್ದು ನನಗೂ ಕೇಳಿಸಿತು.


ಡಿಸೆಂಬರ್ 26, ಶುಕ್ರವಾರ

ಕೌನ್ಸಿಲರು ಬೆಳಗಾಗುತ್ತಲೇ ಬಂದರು. ಬಾಗಿಲಿಗೆ ಕೆಂಪು ಬಟ್ಟೆ ತಾವೇ ಕಟ್ಟಿದರು, ಪಟಾಕಿ ಹಚ್ಚಿದರು, ಕೈಯಲ್ಲಿ ಒಂದು ಡಬ್ಬಿ ಹಂದಿಕಾಲು ಶ್ಯಾವಿಗೆ. ಅಪಶಕುನ ತೊಳೆಯಲು ನಮ್ಮಲ್ಲಿ ಎಲ್ಲರೂ ತಿನ್ನಿಸುವುದು ಅದನ್ನೇ. ಅಜ್ಜಿಯ ಮುಂದೆ ಬಗ್ಗಿದವರು ಏಳಲೇ ಇಲ್ಲ.

"ಅಮ್ಮಾ, ನನ್ನನ್ನ ಹೊಡೀರಿ."

"ಹೊಡೆಯೋಕೆ ಕೈಲಿ ಶಕ್ತಿ ಎಲ್ಲಿದೆಯೋ, ಸತ್ತಿದೀನಲ್ಲ." ಅಜ್ಜಿ ಡಬ್ಬಿ ತೆರೆದು ಮೂಸಿದಳು. "ಅಂಗಡೀದು. ಇದ್ರಲ್ಲಿ ನನ್ ಒಂದು ಕಾಲೂ ವಾಪಸ್ ಬರಲ್ಲ. ನಾನು ಸತ್ತೆ ಅಂತ ಎಷ್ಟ್ ಜನಕ್ಕೆ ಗೊತ್ತಾಗಿದೆ?"

ಹೂವಿನಂಗಡಿಯಿಂದ ಇಡೀ ಬೀದಿಗೆ ಗೊತ್ತಾಗಿತ್ತು.

"ಹಂಗಾದ್ರೆ ಇಡೀ ಬೀದೀನೇ ಕೂತು ಶ್ಯಾವಿಗೆ ತಿನ್ಬೇಕು. ನೀನು ಕರೀಬೇಕು. ಅಡುಗೆ ಸೆಂಗ್ ಮಾಡ್ತಾನೆ."

ಕೌನ್ಸಿಲರ ಮುಖದಲ್ಲಿ ಮೊದಲು ಭಯ, ಆಮೇಲೆ ಚುನಾವಣೆ ಕಾಣಿಸಿತು. "ಮೂವತ್ತು ಮೇಜು!" ಅಂದರು. "ಜನವರಿ ಹನ್ನೊಂದು, ನಮ್ಮ ಪಂಚಾಂಗದಲ್ಲಿ ವರ್ಷಾಂತ್ಯದ ಊಟದ ದಿನಾನೇ. ಕಾರ್ಖಾನೆಯೋರು ಯಾರೂ ಹಾಕಲ್ಲ, ನಾನು ಹಾಕ್ತೀನಿ. ಹಿರಿಯರ ಆಯಸ್ಸಿನ ಔತಣ ಅಂತ ಬ್ಯಾನರ್ ಮಾಡ್ಸೋಣ. ರೇಟು ನಿಂದೇ ಸೆಂಗಣ್ಣ."

"ಮುಂಗಡ?" ಅಂದೆ ನಾನು.

"ನಮ್ ನಮ್ಮಲ್ಲಿ ಮುಂಗಡ ಏನೋ ತಮ್ಮ? ಮುಗಿದ ದಿನಾನೇ ಲೆಕ್ಕ."

"ಪರವಾಗಿಲ್ಲ, ಪರವಾಗಿಲ್ಲ" ಅಂದ ಅಪ್ಪ.

ಹೊರಡುವಾಗ ಕೌನ್ಸಿಲರು ನನ್ನನ್ನು ಪಕ್ಕಕ್ಕೆ ಕರೆದು, "ಫೋಟೋ ಏನಾದ್ರೂ..." ಅಂದರು. ಅಳಿಸಿದ್ದೇನೆ ಎಂದು ಬಹು ಗಂಭೀರವಾಗಿ ಪ್ರಮಾಣ ಮಾಡಿದೆ. ಅಳಿಸಿಲ್ಲ.


ಜನವರಿ 5, 2009, ಸೋಮವಾರ

ಮಾಂಸದಂಗಡಿಯವನು, ತರಕಾರಿಯವನು, ಗ್ಯಾಸಿನವನು, ಎಲ್ಲರೂ ಅಪ್ಪನ ಮುಖ ನೋಡಿ ಉದ್ದರಿ ಕೊಟ್ಟಿದ್ದಾರೆ. ಔತಣದ ಹಣ ಬಂದರೆ ಎಲ್ಲರ ಬಾಕಿ ತೀರಿ ಕಂತೂ ತೀರುತ್ತದೆ. ಬರದಿದ್ದರೆ ಎಂದು ಯೋಚಿಸುವ ಖಾತೆಯನ್ನು ಯಾರಿಗೂ ಹಂಚಿಲ್ಲ. ಅದು ತಾನಾಗಿ ನನ್ನ ಪಾಲಿಗೆ ಬಂದಿದೆ. ಕೈ ಸುಮ್ಮನಿರುತ್ತಿಲ್ಲ. ಲಾರಿಯ ಕಿಲುಬೆಲ್ಲ ಉಜ್ಜಿದೆ.


ಜನವರಿ 11, ಭಾನುವಾರ

ಕಾಲು ಬಿದ್ದುಹೋಗಿವೆ. ಆದರೂ ಬರೆಯುತ್ತೇನೆ.

ಮೂವತ್ತು ಮೇಜೂ ತುಂಬಿದವು. ಅಜ್ಜಿ ಕೆಂಪು ರೇಷ್ಮೆ ತೊಟ್ಟು ಮೊದಲ ಮೇಜಿನಲ್ಲಿ ರಾಣಿಯಂತೆ ಕೂತು, ಬಂದವರಿಗೆಲ್ಲ "ಆ ಕಡೆ ಸ್ವಲ್ಪ ಚಳಿ, ಅದಕ್ಕೇ ವಾಪಸ್ ಬಂದೆ" ಎನ್ನುತ್ತಿದ್ದಳು. ಕೌನ್ಸಿಲರು ಮಾಡಿದ ಭಾಷಣದಲ್ಲಿ 'ಹಿರಿಯರು' ಎಂಬ ಶಬ್ದ ಅನ್ನಕ್ಕಿಂತ ಹೆಚ್ಚು ಸಲ ಬಂತು.

ನಾನು ತಟ್ಟೆ ಹೊತ್ತೆ. ಡೇರೆಯ ಹಿಂದೆ ಅಪ್ಪ ಆರು ಒಲೆಗಳ ನಡುವೆ ನಿಂತಿದ್ದ. ಅಪ್ಪ ಅಲ್ಲಿ ಬೇರೆಯೇ ಮನುಷ್ಯ. "ಆರನೇ ಒಲೆ ತಗ್ಗಿಸು! ಮೀನು ಈಗ! ಈಗ ಅಂದೆ, ನಾಳೆ ಅಲ್ಲ! ಆ ಬಟ್ಟಲು ಯಾಕೆ ಒದ್ದೆ?" ಅವನ ದನಿಗೆ ದೊಡ್ಡ ದೊಡ್ಡ ಗಂಡಸರು ಓಡುತ್ತಿದ್ದರು. ಶ್ಯಾವಿಗೆ ಒಂದು ಎಳೆಯೂ ತುಂಡಾಗದೆ ಮೂವತ್ತು ಮೇಜಿಗೆ ಒಟ್ಟಿಗೆ ಹೋಯಿತು. ನಾನು ಚಿಕ್ಕಂದಿನಿಂದ ಇದನ್ನು ನೋಡಿದ್ದೇನೆ. ಆದರೂ ತಟ್ಟೆ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ನನಗೂ ಬೈಗುಳ ಬಿತ್ತು.

ಕೊನೆಯಲ್ಲಿ ಕೌನ್ಸಿಲರು ಡೇರೆಯ ಹಿಂದೆ ಬಂದರು. "ಸೆಂಗಣ್ಣಾ, ಊರೆಲ್ಲಾ ನಿನ್ ಕೈರುಚೀನೇ ಮಾತಾಡ್ತಿದೆ! ನಂಗೆ ಇನ್ನೆರಡು ಕಡೆ ಹೋಗೋದಿದೆ. ಲೆಕ್ಕ ನಾಳೆ, ಆಯ್ತಾ?"

ಅಪ್ಪ ಕೈ ಒರೆಸಿಕೊಳ್ಳುತ್ತ ತಲೆ ಆಡಿಸಿದ. ಕಾರಿನ ಬಾಗಿಲು ಮುಚ್ಚಿತು.


ಜನವರಿ 12

ಬರಲಿಲ್ಲ.


ಜನವರಿ 13

ಬರಲಿಲ್ಲ. ಮಾಂಸದಂಗಡಿಯವನು ಬಂದಿದ್ದ. ಅಜ್ಜಿಯ ಆರೋಗ್ಯ ವಿಚಾರಿಸಿದ, ನಮ್ಮ ನಾಯಿಯ ಆರೋಗ್ಯವನ್ನೂ ವಿಚಾರಿಸಿದ. ಮತ್ತೇನೂ ಕೇಳದೆ ಹೋದ. ಅವನೂ ಅಪ್ಪನ ಜಾತಿಯವನೇ.


ಜನವರಿ 15, ಗುರುವಾರ

ಅಪ್ಪ ಕೋಟು ಹಾಕಿಕೊಂಡು ಹೋಗಿ ಬಂದ. ಹೊಟ್ಟೆ ತುಂಬ ಟೀ.

"ಕೊಟ್ರಾ?"

"ಜನ ಇದ್ರು ಕಣೋ. ಎಲ್ಲರ ಮುಂದೆ ಹೇಗೆ..."

ಫೈನಾನ್ಸಿನವನು ಫೋನ್ ಮಾಡಿದ್ದ. ಸೋಮವಾರ ಬೆಳಿಗ್ಗೆ ಟೋ ಲಾರಿ ತರುತ್ತಾನಂತೆ, ಬೀದಿಯಲ್ಲಿ ಜಾಗ ಬಿಟ್ಟಿರಬೇಕಂತೆ. ಅಪ್ಪ ಸಂಜೆ ಲಾರಿಯೊಳಗೆ ಕೂತಿದ್ದ. ಇಂಜಿನ್ ಹಾಕಿರಲಿಲ್ಲ.


ಜನವರಿ 16, ಶುಕ್ರವಾರ

ಬೆಳಿಗ್ಗೆ ನಾನೇ ಹೋದೆ. ಮನೆಯಲ್ಲಿ ಹೇಳಲಿಲ್ಲ. ಕಚೇರಿಯ ಸೋಫಾಗಳಲ್ಲಿ ನಾಲ್ಕೈದು ಜನ ಕೂತಿದ್ದರು. ಎಲ್ಲರ ಕೈಯಲ್ಲೂ ಹಣ್ಣಿನ ಪೆಟ್ಟಿಗೆ, ಎಲ್ಲರದೂ ಒಳ್ಳೆಯ ಬಟ್ಟೆ. ಒಬ್ಬ ಸ್ಕ್ರೂ ಕಾರ್ಖಾನೆಯ ಮ್ಯಾನೇಜರು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ.

"ಬಾ ತಮ್ಮ, ಟೀ ಕುಡಿ" ಅಂದರು ಕೌನ್ಸಿಲರು.

"ಟೀ ಬೇಡ. ನಾವು ಅಡುಗೆ ಮಾಡಿದ್ವಿ. ಅದರ ದುಡ್ಡು ಬೇಕು."

ಯಾರೋ ಬಟ್ಟಲು ಕೆಳಗಿಟ್ಟರು. ಕೌನ್ಸಿಲರು ಎದ್ದು ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ತೂ ಮೇಡಂ ಬಾಗಿಲು ಎಳೆದುಕೊಂಡರು.

"ಎಲ್ಲರ ಮುಂದೆ ಹಾಗೆಲ್ಲಾ ಅಂತಾರೇನೋ? ತಿಂಗಳ ಕೊನೆಗೆ ನಮ್ಮ ಹೊಸವರ್ಷ ಬರುತ್ತಲ್ಲ, ಅದಾಗ್ಲಿ, ಕೊಡಲ್ಲ ಅಂದ್ನಾ ನಾನು?"

"ಸೋಮವಾರ ಲಾರಿ ಎಳ್ಕೊಂಡ್ ಹೋಗ್ತಾರೆ. ಹೊಸವರ್ಷದ ತನಕ ಅದು ಇರಲ್ಲ."

ಗೋಡೆಯ ಚಿತ್ರಕ್ಕಿಂತ ಅವರ ಕೂದಲು ಬಹಳ ಬೆಳ್ಳಗಿತ್ತು. "ಲಾರಿ ವಿಷಯ ನಿಮ್ಮಪ್ಪ ಹೇಳ್ಲೇ ಇಲ್ವಲ್ಲೋ. ಎಷ್ಟು ಸಲ ಬಂದ. ಒಂದು ಮಾತು ಹೇಳ್ಲಿಲ್ಲ."

"ಅವರಿಗೆ ಕೇಳೋಕೆ ಬರಲ್ಲ. ಅದು ನಿಮಗೆ ಗೊತ್ತು. ಹತ್ತು ವರ್ಷ ಅವರ ಪಕ್ಕದಲ್ಲೇ ಇದ್ರಿ."

"ಗೊತ್ತು" ಅಂದರು ಅವರು. ಆಮೇಲೆ, "ಹೊರಗೆ ಕೂತಿದಾರಲ್ಲ, ಅವ್ರಿಗೂ ಬರಲ್ಲ. ದಿನಾ ಬರ್ತಾರೆ. ಅವ್ರು ಕೇಳಲ್ಲ ಅಂತಾನೇ ನಾನು ಟೀ ಬಗ್ಗಿಸ್ತಾ ಇರ್ತೀನಿ. ಕೇಳಿದ್ರೆ ಕೊಡೋಕೆ ನನ್ ಹತ್ರ ಇರ್ಬೇಕಲ್ಲ."

"ನಮ್ದು ಹಾಗಲ್ಲ. ನಮ್ದು ಕೆಲಸ ಮಾಡಿದ್ದು."

ಕಬ್ಬಿಣದ ಬೀರು ತೆಗೆದರು. ಒಳಗೆ ಹೆಚ್ಚೇನೂ ಇರಲಿಲ್ಲ. ಹೆಂಡತಿಗೆ ಫೋನ್ ಮಾಡಿದರು. ಆಕೆ ಸ್ಕೂಟರಿನಲ್ಲಿ ಬಂದು ಒಂದು ಚೀಲವನ್ನು ಮೇಜಿನ ಮೇಲೆ ಎಸೆದು, ಗಂಡನನ್ನು ನೋಡದೆ ಹೋದರು. ಎರಡೂ ಸೇರಿಸಿ ಕೊಟ್ಟರು. ಪೂರ್ತಿ ಅಲ್ಲ. ಕಂತಿಗೂ ಅಂಗಡಿಯವರಿಗೂ ಆಗುತ್ತದೆ. ನಮ್ಮ ಕೂಲಿ ಮಾತ್ರ ಬಾಕಿ ಉಳಿಯಿತು.

"ಉಳಿದಿದ್ದು ಯಾವತ್ತು?" ಅಂದೆ.

"ಹೊಸವರ್ಷದ ಹುಣ್ಣಿಮೆಗೆ."

"ಆವತ್ತು ಬರ್ತೀನಿ."

ಫೋಟೋ ಜೇಬಿನಲ್ಲೇ ಇತ್ತು. ಮನೆ ಹತ್ತಿರ ಬಂದ ಮೇಲೆ ನೆನಪಾಯಿತು.

ಅಪ್ಪ ಹಿತ್ತಲಿನಲ್ಲಿ ಹಬೆಪಾತ್ರೆಗಳನ್ನು ಬಿಸಿಲಿಗೆ ಇಡುತ್ತಿದ್ದ. ಚೀಲ ಅವನ ಮುಂದೆ ಇಟ್ಟೆ. ಅಪ್ಪ ಒಳಗೆ ನೋಡಿದ, ಎಣಿಸಲಿಲ್ಲ.

"ಏನಂತ ಕೇಳ್ದೆ?"

"ಅಡುಗೆ ಮಾಡಿದ್ವಿ, ದುಡ್ಡು ಬೇಕು ಅಂದೆ."

"ಅಷ್ಟೇನಾ?"

"ಅಷ್ಟೇ."

ಅಪ್ಪ ತುಟಿಯಲ್ಲೇ ಒಂದು ಸಲ ಅಂದುಕೊಂಡ. ಅಡುಗೆ ಮಾಡಿದ್ವಿ, ದುಡ್ಡು ಬೇಕು. ಮತ್ತೆ ಒಂದು ಸಲ. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋಗಿ ಫೈನಾನ್ಸ್ ಕಂಪನಿಗೆ ಫೋನ್ ಮಾಡಿದ. ನಾನು ಹಿತ್ತಲಲ್ಲೇ ನಿಂತು ಕೇಳಿಸಿಕೊಂಡೆ. ಒಲೆ ಮುಂದೆ ನಿಂತಾಗಿನ ದನಿಯಲ್ಲಿ ಮಾತಾಡುತ್ತಿದ್ದ.

"ಹಲೋ. ಸೋಮವಾರ ಯಾರನ್ನೂ ಕಳಿಸ್ಬೇಡಿ. ನಾಳೆ ಬಂದು ಕಟ್ತೀನಿ... ಹೌದು, ಎಲ್ಲಾ ಬಾಕಿ... ಯಾರು ಮಾತಾಡ್ತಿರೋದು ಅಂದ್ರೆ? ಲಾರಿ ಓನರ್ ಕಣಪ್ಪಾ."